ಬುದ್ಧಿವಂತ ಡೈನೋಸಾರ್‌ಗಳ ಲೋಕದಲ್ಲಿ ಗಂಡು-ಹೆಣ್ಣು: ಪರ್ಯಾಯ ಇತಿಹಾಸದ ಕಥೆ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹತ್ತು ಕಿಲೋಮೀಟರ್ ಅಗಲದ ಕ್ಷುದ್ರಗ್ರಹವೊಂದು ಈಗಿನ ಮೆಕ್ಸಿಕೋದ ಯುಕಟಾನ್ ಬಳಿ ಬಂದು ಅಪ್ಪಳಿಸಿತು. ಅದು ಗುರಿ ತಪ್ಪಿದ್ದರೆ? ಡೈನೋಸಾರ್‌ಗಳು ಉಳಿದು, ಬೆಳೆದು, ಮಾತು ಕಲಿತು, ಊರು ಕಟ್ಟಿದ್ದರೆ? ಎಷ್ಟೋ ಕಥೆಗಳು ಹುಟ್ಟುವುದು ಈ ಪ್ರಶ್ನೆಯಿಂದಲೇ. ಬರೆಯುವವರು ಆ ಲೋಕದ ಆಯುಧ, ಊರು, ದೇವರು ಎಲ್ಲವನ್ನೂ ಚೆನ್ನಾಗಿ ಯೋಚಿಸುತ್ತಾರೆ. ಆದರೆ ಕಥೆ ಮನೆಯೊಳಗೆ ಕಾಲಿಟ್ಟ ತಕ್ಷಣ ಅಪ್ಪ ಬೇಟೆಗೆ ಹೋಗಿರುತ್ತಾನೆ, ಅಮ್ಮ ಮರಿಗಳಿಗೆ ಉಣಿಸುತ್ತಿರುತ್ತಾಳೆ. ಮೈಮೇಲೆ ಗರಿ ಇದೆ, ಒಳಗಿರುವುದು ಮನುಷ್ಯರ ಸಂಸಾರ.

ಇದನ್ನು ತಪ್ಪಿಸಲು ಹೋದವರು ಸಾಮಾನ್ಯವಾಗಿ ಎಲ್ಲವನ್ನೂ ತಲೆಕೆಳಗು ಮಾಡುತ್ತಾರೆ. ಹೆಣ್ಣು ರಾಣಿ, ಹೆಣ್ಣು ಸೇನಾಪತಿ, ಗಂಡು ಮೂಲೆಯಲ್ಲಿ. ಅದೂ ನಮ್ಮದೇ ಮನೆ, ಕನ್ನಡಿಯಲ್ಲಿ ಕಂಡಂತೆ. ಎರಡರಲ್ಲೂ ಆ ಜೀವಿಗಳ ಮೈ ಲೆಕ್ಕಕ್ಕೇ ಬಂದಿಲ್ಲ. ನನ್ನ ಸಲಹೆ ಇಷ್ಟೇ: ಯಾರು ಆಳುತ್ತಾರೆ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಮೊಟ್ಟೆಯಿಂದ ಶುರುಮಾಡಿ. ಮೊಟ್ಟೆ ಯಾರು ಇಡುತ್ತಾರೆ, ಯಾರು ಕಾಯುತ್ತಾರೆ, ಎಷ್ಟು ದಿನ, ಆಮೇಲೆ ಯಾರು ಉಣಿಸುತ್ತಾರೆ ಎಂದು ಕೇಳುತ್ತಾ ಹೋದರೆ ಅಧಿಕಾರ ಎಲ್ಲಿ ಸೇರಿಕೊಳ್ಳುತ್ತದೆ ಅನ್ನುವುದು ಕಾಣತೊಡಗುತ್ತದೆ.

ಹಂತ 1: ಯಾವ ಬಳಗ ಅಂತ ಆರಿಸಿಕೊಳ್ಳಿ

ಡೈನೋಸಾರ್ ಅಂದರೆ ಒಂದೇ ಪ್ರಾಣಿ ಅಲ್ಲ. ಉದ್ದ ಕತ್ತಿನ ದೈತ್ಯ ಸಾರೊಪಾಡ್‌ಗಳು ಮೊಟ್ಟೆಯ ಮೇಲೆ ಕೂತರೆ ಮೊಟ್ಟೆ ಪುಡಿಯಾಗುತ್ತಿತ್ತು. ಆದರೆ ಹಕ್ಕಿಯಂಥ ಓವಿರಾಪ್ಟರ್ ಬಳಗದವು ಗೂಡಿನ ಮೇಲೆ ಕೂತು, ತೋಳು ಚಾಚಿ ಮೊಟ್ಟೆಗಳನ್ನು ಮುಚ್ಚಿದ ಭಂಗಿಯಲ್ಲೇ ಪಳೆಯುಳಿಕೆಯಾಗಿ ಸಿಕ್ಕಿವೆ. ನೀವು ಯಾವ ಬಳಗ ಆರಿಸುತ್ತೀರೋ ಅದರ ಮೇಲೆ ಸಂಸಾರದ ಆಕಾರ ನಿಲ್ಲುತ್ತದೆ.

ಹೆಚ್ಚಿನವರು ಟ್ರೂಡಾಂಟಿಡ್ ಬಳಗ ಆರಿಸುತ್ತಾರೆ. ಅದಕ್ಕೆ ಕಾರಣವೂ ಇದೆ. ಇವು ಸಣ್ಣ ಮೈಯ, ಗರಿಯ ಪ್ರಾಣಿಗಳು. ಮೈ ಗಾತ್ರಕ್ಕೆ ಹೋಲಿಸಿದರೆ ಡೈನೋಸಾರ್‌ಗಳಲ್ಲೇ ದೊಡ್ಡ ಮಿದುಳು ಇವುಗಳದ್ದು. 1982ರಲ್ಲಿ ಕೆನಡಾದ ಪ್ರಾಗ್ಜೀವಿ ವಿಜ್ಞಾನಿ ಡೇಲ್ ರಸೆಲ್ ಇದೇ ಬಳಗದ ಸ್ಟೆನೊನೈಕೋಸಾರಸ್ ಅಳಿಯದೆ ಉಳಿದಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಿ, ಮಾದರಿ ತಯಾರಿಸುವ ಕಲಾವಿದ ರಾನ್ ಸೆಗಿನ್ ಜೊತೆ ಸೇರಿ ಒಂದು ಪೂರ್ಣ ಗಾತ್ರದ ಮಾದರಿ ಮಾಡಿಸಿದರು. ‘ಡೈನೋಸಾರಾಯ್ಡ್’ ಅಂತ ಅದು ಹೆಸರುವಾಸಿಯಾಯಿತು. ನೆಟ್ಟಗೆ ನಿಂತ ಮೈ, ಬಾಲ ಇಲ್ಲ, ಹೊಕ್ಕುಳೂ ಇತ್ತು. ಅತಿಯಾಗಿ ಮನುಷ್ಯನ ಹಾಗಿದೆ ಎಂಬ ಟೀಕೆ ಆಗಿನಿಂದ ಈಗಿನವರೆಗೂ ನಿಂತಿಲ್ಲ. ಬುದ್ಧಿ ಬೆಳೆದರೆ ಮೈ ನಮ್ಮಂತೆಯೇ ಆಗಬೇಕಿಲ್ಲ. ಡೈನೋಸಾರ್ ವಂಶದವೇ ಆದ ಹಕ್ಕಿಗಳನ್ನು ನೋಡಿ. ಕಾಗೆ, ಗಿಳಿಗಳ ಮಿದುಳಲ್ಲಿ ನರಕೋಶಗಳು ಎಷ್ಟು ಒತ್ತೊತ್ತಾಗಿವೆ ಎಂದು 2016ರಲ್ಲಿ ಎಣಿಸಿ ನೋಡಿದ ಮೇಲಂತೂ ಸಣ್ಣ ತಲೆಯಲ್ಲೂ ದೊಡ್ಡ ಬುದ್ಧಿ ಹಿಡಿಸುತ್ತದೆ ಎನ್ನಲು ಗಟ್ಟಿ ಆಧಾರ ಸಿಕ್ಕಿದೆ. ಹಾಗಾಗಿ ಬಾಲ, ಹಲ್ಲಿನ ಮೂತಿ, ಗರಿ ಎಲ್ಲ ಉಳಿಸಿಕೊಳ್ಳಿ. ಮೈಗೆ ಅನ್ವಯಿಸುವ ಈ ಮಾತು ಸಂಸಾರಕ್ಕೂ ಅನ್ವಯಿಸುತ್ತದೆ.

ಹಂತ 2: ಸಸ್ತನಿಯ ಸಂಸಾರವನ್ನು ತೆಗೆದುಹಾಕಿ

ಮನುಷ್ಯರಲ್ಲಿ ಹೆಣ್ಣಿನ ಮೇಲೆ ಬಿದ್ದಿರುವ ಎಷ್ಟೋ ಹೊಣೆಗಳನ್ನು ಬಸಿರು ಮತ್ತು ಎದೆಹಾಲಿನ ಹೆಸರಲ್ಲೇ ಸಮರ್ಥಿಸಲಾಗಿದೆ. ಮೊಟ್ಟೆ ಇಡುವ ಡೈನೋಸಾರ್‌ಗೆ ಎರಡೂ ಇಲ್ಲ. ಮೊಟ್ಟೆ ಹೊರಬಿದ್ದ ಮೇಲೆ ಅದನ್ನು ಯಾರು ಬೇಕಾದರೂ ಕಾಯಬಹುದು. ಅಮ್ಮ, ಅಪ್ಪ, ಅಕ್ಕ, ಸಂಬಳದ ಆಳು, ಕೊನೆಗೆ ಕೊಳೆತ ಎಲೆಯ ರಾಶಿ ಕೂಡ.

ಉಣಿಸುವುದೂ ಅಷ್ಟೇ. ಪಾರಿವಾಳಗಳಲ್ಲಿ ಗಂಡು ಹೆಣ್ಣು ಎರಡೂ ಗಂಟಲ ಚೀಲದಲ್ಲಿ ಹಾಲಿನಂಥ ಆಹಾರ ತಯಾರಿಸಿ ಮರಿಗೆ ಕೊಡುತ್ತವೆ. ಫ್ಲೆಮಿಂಗೊಗಳಲ್ಲೂ ಹೀಗೆಯೇ. ಎಂಪರರ್ ಪೆಂಗ್ವಿನ್‌ಗಳಲ್ಲಿ ಸುಮಾರು ಎರಡು ತಿಂಗಳು ಊಟವಿಲ್ಲದೆ ಮೊಟ್ಟೆ ಕಾಯುವುದು ಗಂಡು. ಹೆಣ್ಣು ಬರುವುದು ತಡವಾದರೆ ಮರಿಗೆ ಮೊದಲ ತುತ್ತು ಕೊಡುವುದೂ ಅದೇ.

ಇಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಕರಡನ್ನು ತೆಗೆದುಕೊಂಡು ಬಸಿರು, ಹೆರಿಗೆ, ಎದೆಹಾಲು ಇವುಗಳ ಮೇಲೆ ನಿಂತಿರುವ ಪ್ರತಿಯೊಂದು ಸಂಗತಿಗೂ ಅಡಿಗೆರೆ ಎಳೆಯಿರಿ. ‘ಹಾಲುಗಲ್ಲದ ಹಸುಳೆ’, ‘ಕರುಳಬಳ್ಳಿ’, ‘ಹೆತ್ತ ಕರುಳು’ ತರಹದ ಮಾತುಗಳೂ ಸದ್ದಿಲ್ಲದೆ ಬಂದು ಕೂತಿರುತ್ತವೆ. ಅವನ್ನೂ ಹಿಡಿಯಿರಿ. ಆ ಜಾಗದಲ್ಲಿ ಗೂಡು, ಕಾವು, ಚಿಪ್ಪು, ಎದೆಯ ಬಿಸಿ ಬರಲಿ.

ಹಂತ 3: ಮೊಟ್ಟೆಯ ಲೆಕ್ಕ

ಈ ಮಾರ್ಗದರ್ಶಿಯಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಹಂತ ಇದೇ. ನಿಧಾನವಾಗಿ ಮಾಡಿ.

ಮೊದಲು ಕಾಯುವುದು ಯಾರು ಎಂಬ ಪ್ರಶ್ನೆ. 1923ರಲ್ಲಿ ಮಂಗೋಲಿಯಾದಲ್ಲಿ ಮೊಟ್ಟೆಗಳ ಗೂಡಿನ ಬಳಿ ಓವಿರಾಪ್ಟರ್ ಸಿಕ್ಕಾಗ, ಅದು ಬೇರೆಯವರ ಮೊಟ್ಟೆ ಕದಿಯಲು ಬಂದಿತ್ತು ಅಂದುಕೊಂಡರು. ಸುಮಾರು 70 ವರ್ಷ ಕಳೆದ ಮೇಲೆ, 1993ರಲ್ಲಿ, ಅದೇ ಬಗೆಯ ಮೊಟ್ಟೆಯೊಳಗೆ ಓವಿರಾಪ್ಟರ್ ಬಳಗದ್ದೇ ಭ್ರೂಣ ಸಿಕ್ಕಿತು. ಕಳ್ಳ ಅಂದುಕೊಂಡದ್ದು ಬಹುಶಃ ಗೂಡು ಕಾಯುತ್ತಿದ್ದ ಪಾಲಕ. ಅಮ್ಮನೋ ಅಪ್ಪನೋ? 2008ರಲ್ಲಿ ಡೇವಿಡ್ ವರ್ರಿಕಿಯೊ ಮತ್ತು ಸಂಗಡಿಗರು ಟ್ರೂಡಾಂಟಿಡ್ ಬಳಗದ ಟ್ರೂಡಾನ್, ಓವಿರಾಪ್ಟರ್ ಮತ್ತು ಅದರ ನೆಂಟ ಸಿಟಿಪಾಟಿಗಳಲ್ಲಿ ಕಾವು ಕೊಡುತ್ತಿದ್ದದ್ದು ಗಂಡು ಎಂದು ವಾದಿಸಿದರು. ಮೈ ಗಾತ್ರಕ್ಕೆ ಹೋಲಿಸಿದರೆ ಗೂಡಿನ ಮೊಟ್ಟೆಗಳ ಒಟ್ಟು ಗಾತ್ರ, ಅಪ್ಪ ಕಾವು ಕೊಡುವ ಹಕ್ಕಿಗಳ ಲೆಕ್ಕಕ್ಕೆ ಹೊಂದುತ್ತಿತ್ತು. ಗೂಡಿನ ಮೇಲೆ ಸಿಕ್ಕ ಎಲುಬುಗಳಲ್ಲಿ ಮೊಟ್ಟೆ ಇಡುವ ಹೆಣ್ಣಿನ ಗುರುತೂ ಇರಲಿಲ್ಲ. ಈ ವಾದವನ್ನು ಬೇರೆ ವಿಜ್ಞಾನಿಗಳು ಪ್ರಶ್ನಿಸಿದ್ದಾರೆ, ಚರ್ಚೆ ಮುಗಿದಿಲ್ಲ. ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ವಿಜ್ಞಾನ ಬಾಗಿಲು ತೆರೆದೇ ಇಟ್ಟಿದೆ.

ಈಗಿನ ಹಕ್ಕಿಗಳಲ್ಲಿ ಮಾದರಿಗಳು ಬೇಕಾದಷ್ಟಿವೆ. ಎಮು ಗಂಡು ಸುಮಾರು ಎಂಟು ವಾರ ಹೆಚ್ಚುಕಡಿಮೆ ಉಪವಾಸ ಇದ್ದು ಕಾವು ಕೊಡುತ್ತದೆ. ರಿಯಾ ಹಕ್ಕಿಯಲ್ಲಿ ಹಲವು ಹೆಣ್ಣುಗಳು ಒಂದೇ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ, ಗಂಡೊಂದೇ ಎಲ್ಲವನ್ನೂ ಕಾಯುತ್ತದೆ. ಜಕಾನಾಗಳಲ್ಲಿ ಹೆಣ್ಣು ಗಾತ್ರದಲ್ಲಿ ದೊಡ್ಡದು, ಹಲವು ಗಂಡುಗಳ ಜೊತೆ ಕೂಡುತ್ತದೆ, ತನ್ನ ಜಾಗಕ್ಕಾಗಿ ಬೇರೆ ಹೆಣ್ಣುಗಳ ಜೊತೆ ಕಾದಾಡುತ್ತದೆ. ಉಷ್ಟ್ರಪಕ್ಷಿಗಳಲ್ಲಿ ಸರದಿ ಇದೆ: ಸಾಮಾನ್ಯವಾಗಿ ಹಗಲು ಹೆಣ್ಣು, ರಾತ್ರಿ ಗಂಡು.

ಆಮೇಲೆ ಎಷ್ಟು ದಿನ ಎಂಬ ಪ್ರಶ್ನೆ. ಇದನ್ನು ಬಹಳ ಜನ ಮರೆಯುತ್ತಾರೆ. 2017ರಲ್ಲಿ ಭ್ರೂಣಗಳ ಹಲ್ಲಿನ ಬೆಳವಣಿಗೆಯ ಗೆರೆಗಳನ್ನು ಎಣಿಸಿ ನೋಡಿದಾಗ ಪ್ರೋಟೋಸೆರಾಟಾಪ್ಸ್ ಮೊಟ್ಟೆ ಒಡೆಯಲು ಸುಮಾರು ಮೂರು ತಿಂಗಳು, ಹೈಪಾಕ್ರೋಸಾರಸ್‌ಗೆ ಸುಮಾರು ಆರು ತಿಂಗಳು ಬೇಕಿತ್ತೆಂದು ತಿಳಿಯಿತು. ಕೋಳಿಗೆ 21 ದಿನ ಸಾಕು. ಮೂರು ತಿಂಗಳು ಒಬ್ಬರು ಗೂಡು ಬಿಟ್ಟು ಕದಲುವಂತಿಲ್ಲ ಅಂದರೆ ಅವರಿಗೆ ಊಟ ತರುವವರು ಬೇಕು. ಕಾಯುವವರು ಅಸಹಾಯಕರೋ, ಅಥವಾ ಊರೆಲ್ಲ ಅವರ ಸೇವೆಗೆ ನಿಲ್ಲುವಷ್ಟು ಗೌರವಸ್ಥರೋ? ಒಂದೇ ಮೈ, ಎರಡು ಬೇರೆ ಬೇರೆ ಸಮಾಜ. ಇಲ್ಲಿಂದ ಮುಂದೆ ಮೈ ಉತ್ತರ ಹೇಳುವುದಿಲ್ಲ, ನೀವೇ ಹೇಳಬೇಕು.

ಮೊಟ್ಟೆಗೆ ಬೀಳುವ ಖರ್ಚು ಯಾರದ್ದು ಅನ್ನುವುದನ್ನೂ ನೋಡಿ. ಚಿಪ್ಪಿಗೆ ಕ್ಯಾಲ್ಸಿಯಂ ಬೇಕು. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಹಕ್ಕಿಯ ಎಲುಬಿನೊಳಗೆ ವಿಶೇಷ ಪದರವೊಂದು ಬೆಳೆದು ಕ್ಯಾಲ್ಸಿಯಂ ಕೂಡಿಡುತ್ತದೆ. 2005ರಲ್ಲಿ ಮೇರಿ ಶ್ವೈಟ್ಜರ್ ಅವರ ತಂಡ ಒಂದು ಟೈರನೋಸಾರಸ್ ರೆಕ್ಸ್ ಎಲುಬಿನಲ್ಲಿ ಇಂಥದ್ದೇ ಪದರ ಗುರುತಿಸಿತು. ಇದನ್ನು ಸಮಾಜಕ್ಕೆ ತನ್ನಿ. ಸುಣ್ಣದಕಲ್ಲು, ಬಸವನಹುಳುವಿನ ಚಿಪ್ಪು, ಎಲುಬಿನ ಪುಡಿ ಇವುಗಳ ಮೇಲೆ ಹಕ್ಕು ಯಾರದ್ದು? ಸುಣ್ಣದ ಗಣಿ ಗಂಡಿನ ಕೈಯಲ್ಲಿದ್ದರೆ ಯಾವ ಹೆಣ್ಣು ಎಷ್ಟು ಮೊಟ್ಟೆ ಇಡಬೇಕೆಂದು ಅವನು ಹೇಳಬಲ್ಲ. ಹೆಣ್ಣಿನ ಕೈಯಲ್ಲಿದ್ದರೆ ಆ ಊರಿನ ಖಜಾನೆಯೇ ಬೇರೆ ತರಹ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಕಥೆಗಾರರು ಮುಟ್ಟದೇ ಬಿಟ್ಟಿರುವ ಶ್ರೀಮಂತ ಜಾಗ ಇದು. ಬಡ ಹೆಣ್ಣಿನ ಮೊಟ್ಟೆ ತೆಳ್ಳಗಿರುತ್ತದೆ, ಕಾವು ಕೊಡುವಾಗಲೇ ಒಡೆಯುತ್ತದೆ. ಒಡೆದದ್ದಕ್ಕೆ ಬೈಗುಳ ಯಾರಿಗೆ ಬೀಳುತ್ತದೆ, ಇಟ್ಟವಳಿಗೋ ಕೂತವನಿಗೋ? ಒಂದು ಕಾದಂಬರಿಗೆ ಸಾಕಾಗುವಷ್ಟು ನೋವು ಇದರಲ್ಲಿದೆ.

ಮರಿ ಯಾರದ್ದು ಎಂಬುದು ಇನ್ನೊಂದು ಗಂಟು. 2005ರಲ್ಲಿ ವಿವರಿಸಿದ, ಚೀನಾದ ಒಂದು ಪಳೆಯುಳಿಕೆಯಲ್ಲಿ ಓವಿರಾಪ್ಟರ್ ಬಳಗದ ಹೆಣ್ಣಿನ ಸೊಂಟದೊಳಗೆ ಚಿಪ್ಪುಗಟ್ಟಿದ ಎರಡು ಮೊಟ್ಟೆಗಳಿದ್ದವು. ಕೋಳಿಗೆ ಕೆಲಸ ಮಾಡುವ ಅಂಡನಾಳ ಒಂದೇ, ಇವಕ್ಕೆ ಎರಡು. ಅಂದರೆ ಒಂದು ಸಲಕ್ಕೆ ಒಂದು ಜೋಡಿ. ಟ್ರೂಡಾನ್ ಗೂಡುಗಳಲ್ಲಿ 24ರವರೆಗೆ ಮೊಟ್ಟೆ ಸಿಕ್ಕಿವೆ. ಅಷ್ಟನ್ನು ಒಬ್ಬಳೇ ಇಟ್ಟಿರಲಿಕ್ಕಿಲ್ಲ, ಹಲವು ಹೆಣ್ಣುಗಳು ಸೇರಿ ಇಟ್ಟಿರಬಹುದು ಎಂಬ ವಾದವೂ ಇದೆ. ಹಾಗಿದ್ದರೆ ಮರಿಗೆ ತನ್ನ ಅಮ್ಮ ಯಾರು ಅಂತ ಗೊತ್ತಿಲ್ಲ, ಕಾವು ಕೊಟ್ಟವನಿಗೂ ಎಲ್ಲ ಮರಿ ತನ್ನವೇ ಎಂಬ ಖಾತ್ರಿ ಇಲ್ಲ. ಮನುಷ್ಯರ ಇತಿಹಾಸದಲ್ಲಿ ಅಪ್ಪನ ಅನುಮಾನ ಹೆಣ್ಣಿಗೆ ಎಷ್ಟೊಂದು ಕಟ್ಟುಪಾಡು ತಂದಿದೆ ಅಲ್ವಾ. ಇಲ್ಲಿ ಅನುಮಾನ ಎರಡೂ ಕಡೆ ಇದೆ. ವಂಶವನ್ನು ರಕ್ತದಿಂದ ಎಣಿಸುವುದೇ ಇವರಿಗೆ ಹೊಳೆಯದೇ ಹೋಗಬಹುದು. ಯಾವ ಗೂಡಲ್ಲಿ ಒಡೆದೆಯೋ ಅದೇ ನಿನ್ನ ಕುಲ.

ಹಂತ 4: ಮೊಟ್ಟೆಯೊಳಗೆ ಗಂಡು-ಹೆಣ್ಣು ತೀರ್ಮಾನವಾಗುವುದು ಹೇಗೆ

ಎರಡು ದಾರಿಗಳಿವೆ. ಹಕ್ಕಿಗಳಲ್ಲಿ ಕ್ರೋಮೋಸೋಮ್ ತೀರ್ಮಾನಿಸುತ್ತದೆ, ಆದರೆ ನಮಗೆ ಉಲ್ಟಾ: ಹೆಣ್ಣಿಗೆ ಎರಡು ಬೇರೆ ಬಗೆಯವು, ಝಡ್ ಮತ್ತು ಡಬ್ಲ್ಯೂ. ಗಂಡಿಗೆ ಎರಡೂ ಝಡ್. ಅಂದರೆ ಮರಿ ಗಂಡೋ ಹೆಣ್ಣೋ ಎಂಬುದು ಅಮ್ಮನಿಂದ ಬರುತ್ತದೆ. ಮೊಸಳೆಗಳಲ್ಲಿ ಇಂಥ ಕ್ರೋಮೋಸೋಮೇ ಇಲ್ಲ, ಗೂಡಿನ ಬಿಸಿ ತೀರ್ಮಾನಿಸುತ್ತದೆ. ಅಮೆರಿಕನ್ ಅಲಿಗೇಟರ್ ಮೊಟ್ಟೆಗಳು ಸುಮಾರು 30 ಡಿಗ್ರಿಯಲ್ಲಿ ಹೆಣ್ಣಾಗುತ್ತವೆ, 33ರ ಆಸುಪಾಸಿನಲ್ಲಿ ಬಹುಪಾಲು ಗಂಡಾಗುತ್ತವೆ. ಡೈನೋಸಾರ್‌ಗಳು ಈ ಎರಡು ಬಳಗಗಳಿಗೂ ನೆಂಟರು. ಯಾವುದನ್ನು ಆರಿಸಿದರೂ ತಪ್ಪಿಲ್ಲ.

ಬಿಸಿಯ ದಾರಿ ಆರಿಸಿದರೆ ಕಥೆಗೆ ರಾಜಕೀಯ ತಾನಾಗಿಯೇ ಬರುತ್ತದೆ. ಮೂರೇ ಡಿಗ್ರಿ ವ್ಯತ್ಯಾಸ. ಯುದ್ಧಕ್ಕೆ ಮುಂಚೆ ಅರಸು ಗೂಡುಗಳ ಬಿಸಿ ಬದಲಿಸಲು ಆಜ್ಞೆ ಮಾಡಬಹುದು. ಬರಗಾಲದ ಸೆಕೆಯಲ್ಲಿ ಒಂದು ಇಡೀ ತಲೆಮಾರು ಒಂದೇ ಕಡೆಗೆ ವಾಲಬಹುದು. ಕಾವು ಕೊಡುವವನು ತನಗೆ ಬೇಕಾದ ಮರಿ ಬರಲೆಂದು ಗುಟ್ಟಾಗಿ ಗರಿ ಸರಿಸಬಹುದು.

ಕ್ರೋಮೋಸೋಮ್ ದಾರಿಯಲ್ಲೂ ಒಂದು ಬೆರಗಿದೆ. 2021ರಲ್ಲಿ ಕ್ಯಾಲಿಫೋರ್ನಿಯಾ ಕಾಂಡರ್ ರಣಹದ್ದುಗಳಲ್ಲಿ ಗಂಡಿನ ಪಾಲಿಲ್ಲದೆ ಹುಟ್ಟಿದ ಎರಡು ಮರಿಗಳು ಪತ್ತೆಯಾದವು. ಎರಡೂ ಗಂಡು. ಹಕ್ಕಿಗಳಲ್ಲಿ ಹೀಗೆ ಹುಟ್ಟಿ ಬದುಕುವ ಮರಿ ಗಂಡೇ ಆಗಿರುತ್ತದೆ. ಅಪ್ಪನಿಲ್ಲದೆ ಹುಟ್ಟಿದ ಗಂಡುಮರಿಯ ಸುತ್ತ ಎಂಥ ಧರ್ಮ ಬೆಳೆಯಬಹುದು, ಯೋಚಿಸಿ.

ಹಂತ 5: ಗೂಡಿನಿಂದ ಊರಿಗೆ

ಈಗ ಎಲ್ಲವನ್ನೂ ಸೇರಿಸಿ. ಉದಾಹರಣೆಗೆ ಒಂದು ಜನಾಂಗ ಕಟ್ಟೋಣ. ಕಲ್ಲುಗೂಡಿನವರು ಅಂತ ಕರೆಯೋಣ. ಟ್ರೂಡಾಂಟಿಡ್ ಬಳಗ. ಹಲವು ಹೆಣ್ಣುಗಳು ಒಂದು ಗೂಡಿನಲ್ಲಿ ಜೋಡಿ ಜೋಡಿ ಮೊಟ್ಟೆ ಇಡುತ್ತಾರೆ, ಒಬ್ಬ ಗಂಡು ಮೂರು ತಿಂಗಳು ಕಾಯುತ್ತಾನೆ.

ಗೂಡು ಕದಲುವುದಿಲ್ಲ, ಆದ್ದರಿಂದ ನೆಲ ಗಂಡಿನದು. ಮನೆ, ಬಾವಿ, ಹೊಲದ ಗಡಿ, ಹಳೆಯ ಕಥೆಗಳು ಎಲ್ಲವೂ ಅಪ್ಪನಿಂದ ಮಗನಿಗೆ. ಹೆಣ್ಣು ಒಂದೇ ಗೂಡಿಗೆ ಅಂಟಿಕೊಂಡಿಲ್ಲ. ಒಂದು ಜೋಡಿ ಈ ಊರಲ್ಲಿ, ಇನ್ನೊಂದು ಜೋಡಿ ಆಚೆ ದಡದಲ್ಲಿ ಇಟ್ಟಿರುತ್ತಾಳೆ. ಹಾಗಾಗಿ ದಾರಿ, ಸಂತೆ, ಸುದ್ದಿ, ಸಂಧಾನ ಹೆಣ್ಣಿನದು. ಸುಣ್ಣ ಹುಡುಕಿಕೊಂಡು ಹೋಗುವವಳೂ ಅವಳೇ, ಆದ್ದರಿಂದ ಗಣಿಗಾರಿಕೆಯೂ. ಎರಡು ಊರು ಜಗಳವಾಡಿದರೆ ಎರಡೂ ಕಡೆ ಮೊಟ್ಟೆ ಇಟ್ಟವಳು ನಡುವೆ ನಿಲ್ಲುತ್ತಾಳೆ. ಅವಳ ಮಾತನ್ನು ಎಲ್ಲರೂ ಕೇಳುತ್ತಾರೆ, ಯಾರೂ ಪೂರ್ತಿ ನಂಬುವುದಿಲ್ಲ.

ಹಾಗಾದರೆ ಇಲ್ಲಿ ಮೇಲುಗೈ ಯಾರದ್ದು? ಒಂದೇ ಸಾಲಿನಲ್ಲಿ ಹೇಳಲು ಆಗುವುದಿಲ್ಲ. ನೆಲದ ವಿಷಯಕ್ಕೆ ಗಂಡು, ದುಡ್ಡಿನ ವಿಷಯಕ್ಕೆ ಹೆಣ್ಣು. ಗಂಡಿಗೆ ಗೌರವ ಇದೆ, ಹೊರಹೋಗುವ ಸ್ವಾತಂತ್ರ್ಯ ಇಲ್ಲ. ಹೆಣ್ಣಿಗೆ ಸ್ವಾತಂತ್ರ್ಯ ಇದೆ, ಮುಪ್ಪಿನಲ್ಲಿ ತನ್ನದು ಅನ್ನುವ ಸೂರು ಇಲ್ಲ. ನಿಮ್ಮ ಸಮಾಜವನ್ನು ‘ಮಾತೃಪ್ರಧಾನ’, ‘ಪಿತೃಪ್ರಧಾನ’ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದಾದರೆ ಇನ್ನೂ ಕೆಲಸ ಬಾಕಿ ಇದೆ ಎಂದರ್ಥ.

ಪಕ್ಕದಲ್ಲಿ ಇನ್ನೊಂದು ಜನಾಂಗ ಇರಲೇಬೇಕು. ಇಡೀ ಭೂಮಿಗೆ ಒಂದೇ ಸಂಸ್ಕೃತಿ ಅನ್ನುವುದು ಈ ಬಗೆಯ ಕಥೆಗಳ ದೊಡ್ಡ ಬಡತನ. ಎಲೆದಿಬ್ಬದವರು ಮೆಗಪೋಡ್ ಹಕ್ಕಿಗಳಂತೆ ಕೊಳೆಯುವ ಎಲೆಯ ರಾಶಿಯಲ್ಲಿ ಮೊಟ್ಟೆ ಹೂಳುತ್ತಾರೆ. ಮೆಗಪೋಡ್ ಮರಿಗಳು ಹುಟ್ಟುತ್ತಲೇ ಸ್ವತಂತ್ರ, ತಂದೆತಾಯಿಯರ ಆರೈಕೆ ಇಲ್ಲವೇ ಇಲ್ಲ. ಬುದ್ಧಿವಂತ ಜೀವಿಯಲ್ಲಿ ಹಾಗಾಗದು, ಕಲಿಸುವವರು ಬೇಕು. ಆದರೆ ಕಲಿಸುವವರು ಅಪ್ಪ-ಅಮ್ಮ ಆಗಬೇಕಿಲ್ಲ. ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ ಸಿಕ್ಕ ಸುಮಾರು 19.3 ಕೋಟಿ ವರ್ಷ ಹಳೆಯ ಮುಸಾರಸ್ ಪಳೆಯುಳಿಕೆಗಳಲ್ಲಿ ಒಂದೇ ವಯಸ್ಸಿನ ಎಳೆಯವು ಗುಂಪಾಗಿ ಸಿಕ್ಕಿವೆ. ಎಲೆದಿಬ್ಬದವರಲ್ಲಿ ವಯಸ್ಸಿನ ಗುಂಪೇ ಕುಟುಂಬ. ಗಂಡು-ಹೆಣ್ಣಿಗಿಂತ ‘ಯಾವ ವರ್ಷದವರು’ ಅನ್ನುವುದೇ ದೊಡ್ಡ ಗುರುತು. ಇವರ ಕಣ್ಣಿಗೆ ಕಲ್ಲುಗೂಡಿನ ಗಂಡು ಸೆರೆಯಾಳು. ಅವರ ಕಣ್ಣಿಗೆ ಇವರು ಮರಿಗಳನ್ನು ಬೀದಿಗೆ ಬಿಟ್ಟವರು.

ಹಂತ 6: ಪಾತ್ರಕ್ಕೆ ಹೊಂದದವರು

ಯಾವ ಸಮಾಜದಲ್ಲೂ ಎಲ್ಲರೂ ಹೇಳಿದ ಹಾಗೆ ಬದುಕುವುದಿಲ್ಲ. ನಿಸರ್ಗದಲ್ಲೂ ಇಲ್ಲ. ಹವಾಯಿಯ ಒವಾಹು ದ್ವೀಪದ ಒಂದು ನೆಲೆಯಲ್ಲಿ ಲೇಸನ್ ಅಲ್ಬಟ್ರಾಸ್ ಜೋಡಿಗಳಲ್ಲಿ ಶೇ. 31ರಷ್ಟು ಎರಡೂ ಹೆಣ್ಣು ಎಂದು 2008ರಲ್ಲಿ ತಿಳಿಯಿತು. ಅವು ಸೇರಿ ಮರಿ ಬೆಳೆಸುತ್ತವೆ. ರಫ್ ಎಂಬ ಹಕ್ಕಿಯಲ್ಲಿ ಗಂಡುಗಳೇ ಮೂರು ಬಗೆ. ಅದರಲ್ಲಿ ಒಂದು ಬಗೆ ನೋಡಲು ಹೆಣ್ಣಿನಂತೆಯೇ ಇರುತ್ತದೆ.

ಕಲ್ಲುಗೂಡಿನವರಲ್ಲಿ ಕಾವು ಕೊಡಲು ಮನಸ್ಸಿಲ್ಲದ ಗಂಡು ಏನು ಮಾಡುತ್ತಾನೆ? ಊರೂರು ಅಲೆಯುವುದು ಸಾಕಾಗಿ ಗೂಡಿನ ಮೇಲೆ ಕೂರಲು ಬಯಸುವ ಹೆಣ್ಣಿಗೆ ಏನು ಹೆಸರು ಕೊಡುತ್ತಾರೆ? ಇಬ್ಬರು ಗಂಡಸರು ಸರದಿಯಲ್ಲಿ ಒಂದೇ ಗೂಡು ಕಾದರೆ ಊರು ಮೆಚ್ಚುತ್ತದೋ, ಮುಖ ತಿರುಗಿಸುತ್ತದೋ? ಇವರನ್ನು ಬಣ್ಣ ತುಂಬಲು ಮಾತ್ರ ತರಬೇಡಿ. ಕಥಾನಾಯಕರನ್ನಾಗಿ ಮಾಡಿ. ಕಟ್ಟುಪಾಡು ಎಲ್ಲಿ ಬಿಗಿಯಾಗಿದೆ ಅನ್ನುವುದು ಅದನ್ನು ತಳ್ಳುವವರಿಗೇ ಚೆನ್ನಾಗಿ ಗೊತ್ತು.

ಆ ಸಮಾಜ ತನ್ನ ಕಟ್ಟುಪಾಡಿಗೆ ಕೊಡುವ ಕಾರಣಗಳನ್ನೂ ಬರೆದಿಟ್ಟುಕೊಳ್ಳಿ. ‘ಗಂಡಿನ ಎದೆ ಬೆಚ್ಚಗಿರುತ್ತದೆ, ಹೆಣ್ಣಿನ ಕಾಲು ನಿಲ್ಲುವುದಿಲ್ಲ’ ತರಹದ ಗಾದೆಗಳು ಇರಲಿ. ಅವು ನಿಜವಾಗಿರಬೇಕಿಲ್ಲ. ಡೈನೋಸಾರ್ ಎಲುಬು ನೋಡಿ ಗಂಡು-ಹೆಣ್ಣು ಹೇಳುವುದು ವಿಜ್ಞಾನಿಗಳಿಗೇ ಕಷ್ಟ. ಮೈಯಲ್ಲಿ ಅಷ್ಟು ಕಡಿಮೆ ವ್ಯತ್ಯಾಸ ಇರುವ ಜನ ನಡೆ, ನುಡಿ, ಗರಿಗೆ ಹಚ್ಚುವ ಬಣ್ಣದಲ್ಲಿ ವ್ಯತ್ಯಾಸವನ್ನು ಕೈಯಾರೆ ಮಾಡಿಕೊಳ್ಳಬೇಕಾಗುತ್ತದೆ.

ಹಂತ 7: ಇತಿಹಾಸ ಹರಿಯಲಿ

ಪರ್ಯಾಯ ಇತಿಹಾಸ ಅಂದಮೇಲೆ ಕಾಲ ಸರಿಯಬೇಕು. ಕಲ್ಲುಗೂಡಿನವರಿಗೆ ಎಲೆದಿಬ್ಬದವರಿಂದ ಬಿಸಿ ಕಾಯುವ ಗುಟ್ಟು ಸಿಗಲಿ. ಮೊದಲು ಎಲೆಯ ಗುಂಡಿ, ಆಮೇಲೆ ಬಿಸಿನೀರಿನ ಕೊಳವೆ, ಕೊನೆಗೆ ಕಾವುಯಂತ್ರ. ಮೂರು ತಿಂಗಳ ಕೆಲಸದಿಂದ ಗಂಡು ಒಮ್ಮೆಗೇ ಬಿಡುಗಡೆಯಾಗುತ್ತಾನೆ. ಬಿಡುಗಡೆಯೋ, ಕೆಲಸ ಕಳೆದುಕೊಳ್ಳುವುದೋ? ನೆಲದ ಹಕ್ಕು ಅವನಿಗೆ ಬಂದದ್ದೇ ಕಾವಿನಿಂದ. ಈಗ ಆ ಹಕ್ಕನ್ನು ಹೆಣ್ಣು ಪ್ರಶ್ನಿಸುತ್ತಾಳೆ. ಅವನು ಸಂತೆಗೆ ಇಳಿದು ಅವಳ ವ್ಯಾಪಾರಕ್ಕೆ ಪೈಪೋಟಿ ಕೊಡುತ್ತಾನೆ. ಯಂತ್ರದ ಮರಿಗಳಿಗೆ ಕುಲ ಇಲ್ಲ ಅಂತ ಹಿರಿಯರು ಹಟ ಹಿಡಿಯುತ್ತಾರೆ. ಎರಡೂ ಕಡೆ ಗೆಲ್ಲುವವರಿದ್ದಾರೆ, ಸೋಲುವವರಿದ್ದಾರೆ. ನೂರು ವರ್ಷ ಮುಂದಕ್ಕೆ ಹೋಗಿ ಇದೇ ಜನರನ್ನು ನೋಡಿದರೆ ಹಳೆಯ ಗಾದೆಗಳು ಉಳಿದಿರುತ್ತವೆ, ಅವುಗಳ ಕಾರಣ ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಹಂತ 8: ಅವನು, ಅವಳು, ಅದು

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಸುಮ್ನೆ ಬಿಡಬಾರದ ಅನುಕೂಲವೊಂದಿದೆ. ನಮ್ಮ ಕ್ರಿಯಾಪದವೇ ಗಂಡು-ಹೆಣ್ಣು ಹೇಳಿಬಿಡುತ್ತದೆ: ಬಂದನು, ಬಂದಳು. ಪ್ರಾಣಿಯಾದರೆ ಬಂದಿತು. ಹಾಗಾಗಿ ಮೊದಲ ವಾಕ್ಯದಲ್ಲೇ ಡೈನೋಸಾರ್ ಪ್ರಾಣಿಯೋ ವ್ಯಕ್ತಿಯೋ ಅಂತ ನೀವು ಹೇಳಿರುತ್ತೀರಿ. ‘ಮಗು ಅತ್ತಿತು’ ಎನ್ನುವುದು ನಮಗೆ ಸಹಜ. ಅದನ್ನೇ ಬಳಸಿ. ಮರಿ ಗಂಡೋ ಹೆಣ್ಣೋ ಎಂದು ತಿಳಿಯುವವರೆಗೂ ‘ಅದು’, ಒಂದು ಶಾಸ್ತ್ರ ಮುಗಿದ ಮೇಲೆ ‘ಅವನು’ ಅಥವಾ ‘ಅವಳು’. ಆ ಶಾಸ್ತ್ರ ಬೇಡವೆಂದವರನ್ನು ಊರು ಮುಪ್ಪಿನವರೆಗೂ ‘ಅದು’ ಎಂದೇ ಕರೆಯುವುದಾದರೆ, ಆ ಅವಮಾನವನ್ನು ವಿವರಿಸಲು ಬೇರೆ ವಾಕ್ಯವೇ ಬೇಡ.

ಲಿಂಗ ಮುಚ್ಚಿಡಬೇಕಾದರೆ ‘ನಾನು’ ಮತ್ತು ‘ಅವರು’ ಇವೆ. ನಾನು ಬಂದೆ, ಅವರು ಬಂದರು. ಗೂಡಿನ ಮೇಲೆ ಕೂತಿರುವವರು ಯಾರೆಂದು ಹತ್ತು ಪುಟ ಹೇಳದೆ ಇರಬಹುದು. ಓದುಗರು ತಮಗೆ ಗೊತ್ತಿಲ್ಲದೆಯೇ ಅಮ್ಮ ಅಂದುಕೊಂಡಿರುತ್ತಾರೆ. ಆಮೇಲೆ ಒಂದು ‘ಎದ್ದನು’ ಸಾಕು.

ಹಂತ 9: ಮೊದಲು ಬರೆಯಬೇಕಾದ ದೃಶ್ಯ

ಲೋಕವನ್ನು ವಿವರಿಸುವ ಅಧ್ಯಾಯದಿಂದ ಶುರುಮಾಡಬೇಡಿ. ಕಟ್ಟುಪಾಡುಗಳೆಲ್ಲ ಒಟ್ಟಿಗೆ ಎಳೆದಾಡುವ ಒಂದು ಜಗಳದಿಂದ ಶುರುಮಾಡಿ. ಇಗೋ ಒಂದು. ಮೊಟ್ಟೆ ಒಡೆಯಲು ಇನ್ನೂ 20 ದಿನ ಇದೆ. ದೂರದ ಸಂತೆಯಿಂದ ಹೆಣ್ಣೊಬ್ಬಳು ಓಡಿ ಬಂದು, ಮೇಲಿನ ಕಟ್ಟೆ ಒಡೆದಿದೆ, ನಾಳೆಗೆ ನೀರು ಬರುತ್ತದೆ ಎನ್ನುತ್ತಾಳೆ. ಈ ಗೂಡಿನಲ್ಲಿ ಅವಳ ಒಂದು ಜೋಡಿ ಮೊಟ್ಟೆ ಇದೆ, ಉಳಿದವು ಬೇರೆಯವರದ್ದು. ಮೊಟ್ಟೆಗಳನ್ನು ಎತ್ತಿ ಸಾಗಿಸಬಹುದೇ? ಮೊಸಳೆಯ ಮೊಟ್ಟೆಯನ್ನು, ಇಟ್ಟು ಒಂದು ದಿನ ಕಳೆದ ಮೇಲೆ ಮಗುಚಿದರೆ ಒಳಗಿನ ಜೀವ ಸಾಯಬಹುದು, ಕೋಳಿ ಮೊಟ್ಟೆಯನ್ನು ತಿರುಗಿಸುತ್ತಲೇ ಇರಬೇಕು. ಇವರ ಮೊಟ್ಟೆ ಯಾವ ಬಗೆ ಅಂತ ನೀವು ಮೊದಲೇ ತೀರ್ಮಾನಿಸಿರಬೇಕು.

ಗಂಡು ಏಳುವುದಿಲ್ಲ. ಸುದ್ದಿ ತರುವವಳ ಮಾತನ್ನು ಅರ್ಧ ಮಾತ್ರ ನಂಬಬೇಕೆಂದು ಅವನ ಅಪ್ಪ ಕಲಿಸಿದ್ದಾನೆ. ಗೂಡು ಮುಟ್ಟುವ ಹಕ್ಕು ಅವಳಿಗಿಲ್ಲ. ಅವನಿಗೆ ಊರಾಚೆಯ ಎತ್ತರದ ದಾರಿ ಗೊತ್ತಿಲ್ಲ. ಎರಡೇ ಪುಟ, ಹೆಚ್ಚು ಮಾತು, ಕಡಿಮೆ ವಿವರಣೆ. ಬರೆದು ಮುಗಿಸಿದ ಮೇಲೆ ಇಬ್ಬರನ್ನೂ ಮನುಷ್ಯ ಗಂಡ-ಹೆಂಡತಿ ಮಾಡಿ ಓದಿ ನೋಡಿ. ಜಗಳ ಹಾಗೆಯೇ ನಡೆಯುತ್ತಿದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ. ಎಲ್ಲೋ ಒಂದು ಕಡೆ ವಾಕ್ಯಗಳು ನಿಂತುಹೋದರೆ ಆ ಜಾಗಕ್ಕೆ ಗುರುತು ಹಾಕಿ, ಮುಂದಿನ ಅಧ್ಯಾಯವನ್ನು ಅಲ್ಲಿಂದಲೇ ಬರೆಯಿರಿ.